ನೋವು ಹೋದ ದಿನವೇ ಕಲ್ಲು ಎತ್ತುವ ದಿನವಲ್ಲ

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ನಡೆಯುವಾಗ ಜಿಲ್ಲೆಯ ಕಸುವೆಲ್ಲ ಒಂದೇ ಕಡೆ ಬಂದು ನಿಂತಂತೆ ಕಾಣುತ್ತದೆ. ಗುಂಡು ಕಲ್ಲು, ಸಂಗ್ರಾಣಿ ಕಲ್ಲು, ಉಸುಕು ತುಂಬಿದ ಚೀಲ ಹೀಗೆ ಒಂದೊಂದೇ ಎದ್ದು ಎದೆಗೆ, ಹೆಗಲಿಗೆ ಏರುತ್ತವೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿ ಜಾತ್ರೆಗಳಲ್ಲೂ, ಆಲಮಟ್ಟಿ ಸುತ್ತಿನ ಕೃಷ್ಣಾ ತೀರದ ಊರುಗಳಲ್ಲೂ ಈ ಆಟಕ್ಕೆ ಜನ ಮುಗಿಬೀಳುತ್ತಾರೆ. ಗೆದ್ದವನ ಮೈಮೇಲೆ ಗುಲಾಲು ಬೀಳುತ್ತದೆ, ಕೈಗೆ ಬೆಳ್ಳಿ ಕಡಗ ಬರುತ್ತದೆ, ಹಲಗೆ ಬಾರಿಸುತ್ತ ಮೆರವಣಿಗೆಯೂ ಆಗುತ್ತದೆ. ಅದೇ ಕಣದಲ್ಲಿ ಅರ್ಧಕ್ಕೆ ಕಲ್ಲು ಬಿಟ್ಟು, ಕೈಯನ್ನು ಟೊಂಕದ ಮೇಲಿಟ್ಟುಕೊಂಡು ಪಕ್ಕಕ್ಕೆ ಸರಿದವನ ಮುಂದಿನ ಆರು ತಿಂಗಳು ಹೇಗೆ ಕಳೆದವು ಎಂಬುದನ್ನು ಯಾರೂ ಕೇಳುವುದಿಲ್ಲ. ಈ ಬರಹ ಅವನಿಗಾಗಿ. ಜಿಮ್ಮಿನಲ್ಲಿ ಡೆಡ್‌ಲಿಫ್ಟ್ ಮಾಡುವಾಗ ಟೊಂಕ ಹಿಡಿಸಿಕೊಂಡ ಹುಡುಗ ಹುಡುಗಿಯರಿಗಾಗಿ. ಜಾತ್ರೆ ಇರಲಿ ಬಿಡಲಿ, ವರ್ಷವಿಡೀ ಚೀಲ ಹೊರುವ ಹಮಾಲರಿಗಾಗಿ.

ಟೊಂಕ ಹಿಡಿದವನಿಗೆ ಊರು ಎರಡು ಮಾತು ಹೇಳುತ್ತದೆ. ಮೊದಲ ವಾರ, “ಇನ್ನ ಎತ್ತೂದು ಬಿಟ್ಟ್‌ಬಿಡೋ ತಮ್ಮಾ, ಟೊಂಕ ಹೋದ್ರ ಬಾಳೇವು ಹೋತು” ಎನ್ನುತ್ತದೆ. ನೋವು ಇಳಿದ ಮೇಲೆ, “ಆರಾಮ ಆಗೀದಿ ಅಲ್ಲ, ಬಾ ಎತ್ತು” ಎಂದು ಅದೇ ಊರು ಕರೆಯುತ್ತದೆ. ಎರಡರಲ್ಲೂ ಪ್ರೀತಿ ಇದೆ, ಎರಡೂ ತಪ್ಪು. ಎತ್ತುವುದನ್ನು ಪೂರ್ತಿ ಬಿಟ್ಟ ಬೆನ್ನು ದಿನದಿಂದ ದಿನಕ್ಕೆ ದುರ್ಬಲವಾಗುತ್ತದೆ. ನೋವು ಹೋಯಿತೆಂದು ಹಳೆಯ ಭಾರಕ್ಕೆ ಒಮ್ಮೆಲೆ ಕೈಹಾಕಿದ ಬೆನ್ನು ಮತ್ತೆ ಹಿಡಿಯುತ್ತದೆ. ನೋವು ಹೋಗುವ ದಿನ ಬೇರೆ, ಬೆನ್ನು ಮೊದಲಿನ ಭಾರಕ್ಕೆ ಸಿದ್ಧವಾಗುವ ದಿನ ಬೇರೆ. ಈ ಎರಡರ ನಡುವೆ ವಾರಗಳ, ಕೆಲವೊಮ್ಮೆ ತಿಂಗಳುಗಳ ಅಂತರವಿದೆ. ಆ ಅಂತರವನ್ನು ದಾಟುವ ಕ್ರಮ ಗೊತ್ತಿದ್ದರೆ ಬಹಳಷ್ಟು ಜನ ಮತ್ತೆ ಎತ್ತಬಲ್ಲರು.

ಮೊದಲು ವೈದ್ಯರ ಬಳಿ ಹೋಗಬೇಕಾದವರು

ಕೆಲವು ಲಕ್ಷಣಗಳಿದ್ದರೆ ಈ ಬರಹವನ್ನು ಮುಂದೆ ಓದುವ ಮೊದಲು ಆಸ್ಪತ್ರೆಗೆ ಹೋಗಬೇಕು. ತೊಡೆಸಂದಿ, ಗುದದ ಸುತ್ತ, ಅಂದರೆ ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಜೋಮು ಹಿಡಿಯುವುದು. ಮೂತ್ರ ಕಟ್ಟುವುದು, ಇಲ್ಲವೆ ಮೂತ್ರ, ಮಲದ ಹಿಡಿತ ತಪ್ಪುವುದು. ಎರಡೂ ಕಾಲುಗಳಲ್ಲಿ ಬಲ ಕುಸಿಯುವುದು. ಬೆನ್ನುಮೂಳೆಯ ಕೆಳತುದಿಯ ನರಗಳ ಗೊಂಚಲು ಒತ್ತಿಕೊಂಡಾಗ ಹೀಗಾಗುತ್ತದೆ. ಇದರಲ್ಲಿ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ಬೆಳಗಾಗಲಿ ಎಂದು ಕಾಯದೆ ಬಾಗಲಕೋಟೆಗೋ ವಿಜಯಪುರಕ್ಕೋ, ದೊಡ್ಡ ಆಸ್ಪತ್ರೆ ಯಾವುದು ಹತ್ತಿರವೋ ಅಲ್ಲಿಗೆ ರಾತ್ರಿಯೇ ಹೊರಡಬೇಕು. ನಡೆಯುವಾಗ ಪಾದ ಮೇಲೇಳದೆ ಬೆರಳು ನೆಲಕ್ಕೆ ಎಳೆಯುತ್ತಿದ್ದರೆ, ಜ್ವರದೊಂದಿಗೆ ಬೆನ್ನು ನೋವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಮಲಗಿದರೂ ರಾತ್ರಿ ನೋವು ಬಿಡದಿದ್ದರೆ, ಎತ್ತರದಿಂದ ಬಿದ್ದ ಮೇಲೆ ನೋವು ಶುರುವಾಗಿದ್ದರೆ ಆಗಲೂ ತಡಮಾಡಬಾರದು.

ಹದಿಹರೆಯದ ಪೈಲ್ವಾನರ ಮನೆಯವರಿಗೆ ಇನ್ನೊಂದು ಮಾತು. ಬೆನ್ನನ್ನು ಹಿಂದಕ್ಕೆ ಬಗ್ಗಿಸಿದಾಗ ಹೆಚ್ಚುವ, ವಾರಗಟ್ಟಲೆ ಬಿಡದ ನೋವು ಆ ವಯಸ್ಸಿನಲ್ಲಿ ಕಶೇರುಮೂಳೆಯ ಸಣ್ಣ ಬಿರುಕಿನಿಂದಲೂ ಬರಬಹುದು. ಬೇಗ ಗುರುತಿಸಿ ಕೆಲವು ತಿಂಗಳು ಭಾರದಿಂದ ದೂರವಿಟ್ಟರೆ ಅದು ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಉಳುಕೆಂದು ತಿಕ್ಕಿಸುತ್ತ ಕುಳಿತರೆ ಆ ಅವಕಾಶ ಕೈತಪ್ಪುತ್ತದೆ.

ಟೊಂಕ ತುಳಿಸಿಕೊಳ್ಳುವ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಸಾಮಾನ್ಯ ಉಳುಕು ಏನೂ ಮಾಡದಿದ್ದರೂ ಕೆಲವು ದಿನಗಳಲ್ಲಿ, ವಾರಗಳಲ್ಲಿ ಇಳಿಯುವುದರಿಂದ ಒದೆತಕ್ಕೇ ಗುಣವಾಯಿತು ಎಂಬ ನಂಬಿಕೆ ಉಳಿದುಕೊಂಡಿದೆ. ಆದರೆ ಡಿಸ್ಕ್ ಜಾರಿ ನರ ಒತ್ತಿಕೊಂಡಿರುವ ಬೆನ್ನಿನ ಮೇಲೆ ಒಬ್ಬ ಮನುಷ್ಯ ಕಾಲೂರಿ ನಿಂತರೆ ಆಗುವ ಹಾನಿ ಸಣ್ಣದಲ್ಲ. ದಯವಿಟ್ಟು ಅದನ್ನು ಬಿಡಿ.

ಹಾಸಿಗೆಯೂ ಮದ್ದಲ್ಲ, ಎಂಆರ್‌ಐ ಚಿತ್ರವೂ ತೀರ್ಪಲ್ಲ

ಬೆನ್ನು ನೋವಿಗೆ ವಾರಗಟ್ಟಲೆ ಹಲಗೆಯ ಮೇಲೆ ಮಲಗಿಸುವುದು ಒಂದು ಕಾಲಕ್ಕೆ ವೈದ್ಯರದೇ ಸಲಹೆಯಾಗಿತ್ತು. 1986ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಬೆನ್ನು ನೋವಿನ 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಎರಡು ದಿನದವರು ಕೆಲಸ ತಪ್ಪಿಸಿಕೊಂಡದ್ದು ಶೇ 45ರಷ್ಟು ಕಡಿಮೆ. ಚೇತರಿಕೆಯಲ್ಲಿ ಅವರು ಏಳು ದಿನದವರಿಗಿಂತ ಹಿಂದೆ ಬೀಳಲಿಲ್ಲ. 1995ರಲ್ಲಿ ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಅಧ್ಯಯನ ಇನ್ನೂ ಮುಂದೆ ಹೋಯಿತು. ನೋವು ತಡೆದುಕೊಳ್ಳಬಲ್ಲಷ್ಟರ ಮಟ್ಟಿಗೆ ದಿನನಿತ್ಯದ ಓಡಾಟ ಮುಂದುವರಿಸಿದವರು ಮಲಗಿದವರಿಗಿಂತ ಬೇಗ ಸುಧಾರಿಸಿದರು. ಆದ್ದರಿಂದ ಮೊದಲ ಒಂದೆರಡು ದಿನ ತೀರಾ ಏಳಲಾಗದಿದ್ದರೆ ಮಲಗಿ. ಅನಂತರ ಎದ್ದು ನಡೆಯಿರಿ. ಹತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ, ಸಮತಟ್ಟಾದ ದಾರಿಯಲ್ಲಿ. ಆಲಮಟ್ಟಿಯವರಿಗೆ ಉದ್ಯಾನಗಳ ದಾರಿಗಳೇ ಇವೆ.

ಬಹಳ ಜನರನ್ನು ಕಾಡುವ ಹೆದರಿಕೆ ಎಂಆರ್‌ಐ ವರದಿಯದು. ‘ಡಿಸ್ಕ್ ಉಬ್ಬಿದೆ’, ‘ಡಿಸ್ಕ್ ಸವೆದಿದೆ’ ಎಂಬ ಎರಡು ಸಾಲು ಓದಿ ಇಪ್ಪತ್ತೈದರ ಹುಡುಗ ತನ್ನ ಬೆನ್ನು ಮುಗಿಯಿತೆಂದು ಕುಸಿಯುತ್ತಾನೆ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ವಯಸ್ಸಿನವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆತ, ಶೇ 30ರಷ್ಟು ಮಂದಿಗೆ ಡಿಸ್ಕ್ ಉಬ್ಬು ಕಂಡವು. ಎಂಬತ್ತರ ವಯಸ್ಸಿನವರಲ್ಲಿ ಸವೆತ ಶೇ 96ಕ್ಕೆ ಮುಟ್ಟಿತ್ತು. ಚಿತ್ರದಲ್ಲಿ ಕಾಣುವುದೆಲ್ಲ ನೋವಿನ ಕಾರಣವಲ್ಲ. ಚಿತ್ರ, ನಿಮ್ಮ ಲಕ್ಷಣ, ವೈದ್ಯರು ಕೈಯಿಂದ ಮಾಡುವ ಪರೀಕ್ಷೆ ಮೂರೂ ಒಂದನ್ನೇ ಹೇಳಿದಾಗ ಮಾತ್ರ ವರದಿಗೆ ತೂಕ. ಜಾರಿದ ಡಿಸ್ಕಿನ ತುಣುಕು ಎಷ್ಟೋ ಜನರಲ್ಲಿ ತಿಂಗಳುಗಳು ಕಳೆದಂತೆ ತಾನಾಗಿಯೇ ಕರಗುತ್ತದೆ ಎಂಬುದೂ ಈಗ ಗೊತ್ತಿರುವ ಸಂಗತಿ.

ಬೆನ್ನು ನೋವು ಒಬ್ಬಿಬ್ಬರ ಕಥೆಯಲ್ಲ. ಲೋಕದಲ್ಲಿ 2020ರಲ್ಲಿ 61.9 ಕೋಟಿ ಜನ ಕೆಳಬೆನ್ನಿನ ನೋವಿನಿಂದ ಬಳಲುತ್ತಿದ್ದರೆಂದೂ 2050ರ ವೇಳೆಗೆ ಇದು 84.3 ಕೋಟಿ ಆಗಬಹುದೆಂದೂ ಜಾಗತಿಕ ಅಂದಾಜು ಹೇಳುತ್ತದೆ. ಇಷ್ಟು ಸಾಮಾನ್ಯವಾದ ತೊಂದರೆಗೆ ನಾಚಿಕೆಪಡಬೇಕಿಲ್ಲ. ಕಣದಲ್ಲಿ ಕಲ್ಲು ಬಿಟ್ಟವನು ಹೇಡಿಯಲ್ಲ.

ಭಾರ ಒಂದೇ, ಹೊರೆ ಬೇರೆ

ಬೆನ್ನಿನ ಕೆಳಭಾಗದಲ್ಲಿ ಐದು ಕಶೇರುಮೂಳೆಗಳಿವೆ. ಅವುಗಳ ಕೆಳಗಿರುವ ಡಿಸ್ಕ್‌ಗಳಲ್ಲಿ ಹೆಚ್ಚು ತೊಂದರೆ ಬರುವುದು ಕೆಳಗಿನ ಎರಡಕ್ಕೆ. ಅಲ್ಲಿ ಎಷ್ಟು ಹೊರೆ ಬೀಳುತ್ತದೆಂದು ತಿಳಿಯಲು ಸಣ್ಣ ಲೆಕ್ಕ ಸಾಕು. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಡಿಸ್ಕಿನಿಂದ ಸುಮಾರು 5 ಸೆಂ.ಮೀ. ಹಿಂದಿವೆ. ಭಾರವೋ ಮುಂದಿದೆ. 50 ಕಿಲೊ ಚೀಲವನ್ನು ಮೈಗೆ ಒತ್ತಿಕೊಂಡು, ಡಿಸ್ಕಿನಿಂದ 25 ಸೆಂ.ಮೀ. ದೂರದಲ್ಲಿ ಹಿಡಿದರೆ ಆ ಸ್ನಾಯುಗಳು 250 ಕಿಲೊದಷ್ಟು ಬಲ ಹಾಕಬೇಕು. ಅದೇ ಚೀಲ 50 ಸೆಂ.ಮೀ. ದೂರವಿದ್ದರೆ 500 ಕಿಲೊ. ಮುಂದಕ್ಕೆ ಬಾಗಿದ ನಮ್ಮ ಮೈಯ ತೂಕ ಇದರ ಮೇಲೆ ಕೂಡುತ್ತದೆ. ಈ ಎಲ್ಲ ಒತ್ತಡವನ್ನೂ ಡಿಸ್ಕ್ ತಡೆಯಬೇಕು. ಚೀಲದ ತೂಕ ಬದಲಾಗಲಿಲ್ಲ, ಅದರಿಂದ ಬೆನ್ನಿನ ಸ್ನಾಯುಗಳಿಗೆ ಬೀಳುವ ಹೊರೆ ಎರಡು ಪಟ್ಟಾಯಿತು.

ಜಾತ್ರೆಯ ಕಲ್ಲು ಜಿಮ್ಮಿನ ಬಾರ್ಬೆಲ್‌ಗಿಂತ ಕಠಿಣವಾಗುವುದು ಇಲ್ಲಿಯೇ. ಬಾರ್ಬೆಲ್‌ಗೆ ಹಿಡಿಕೆ ಇದೆ. ಅದು ನೆಲದಿಂದ ಒಂದು ಗೇಣಿನ ಎತ್ತರದಲ್ಲೇ ಇರುತ್ತದೆ, ಕಾಲಿಗೆ ತಾಗಿಕೊಂಡೇ ಮೇಲೇಳುತ್ತದೆ. ಗುಂಡು ಕಲ್ಲಿಗೆ ಹಿಡಿಕೆ ಇಲ್ಲ. ಕೈ ಅದರ ತಳಕ್ಕೆ ಹೋಗಬೇಕು, ಹಾಗಾಗಿ ಬೆನ್ನು ದುಂಡಗೆ ಬಾಗಲೇಬೇಕು. ತೊಡೆಯ ಮೇಲೆ ಕೂರಿಸಿಕೊಂಡು, ಅಲ್ಲಿಂದ ಎದೆಗೆ ತಬ್ಬಿ, ಹೆಗಲಿಗೆ ಏರಿಸುವಾಗ ಬೆನ್ನು ಮುಂದೆ ಬಾಗಿದ ಸ್ಥಿತಿಯಿಂದ ಹಿಂದೆ ಬಾಗುವ ಸ್ಥಿತಿಗೆ ಭಾರದೊಂದಿಗೇ ಹೊರಳುತ್ತದೆ. ಒಂದೇ ಕೈಯಲ್ಲಿ ಸಂಗ್ರಾಣಿ ಕಲ್ಲು ಎತ್ತುವಾಗ ಎಳೆತ ಒಂದೇ ಪಕ್ಕಕ್ಕೆ, ಮೈ ತಿರುಚಿಕೊಳ್ಳುತ್ತದೆ. ಹಲ್ಲಿನಿಂದ ಚೀಲ ಎತ್ತುವ ಸಾಹಸದಲ್ಲಿ ಭಾರ ಪೂರ್ತಿ ಮುಂದೆ ಜೋತಾಡುತ್ತದೆ, ಕುತ್ತಿಗೆಯಿಂದ ಟೊಂಕದವರೆಗೆ ಯಾವ ಆಸರೆಯೂ ಇಲ್ಲ. ಟೊಂಕಕ್ಕೆ ಪೆಟ್ಟಾದವರು ಹಲ್ಲಿನ ಸಾಹಸವನ್ನು ಮತ್ತೆ ಮುಟ್ಟಬಾರದು ಎಂದೇ ನಾನು ಹೇಳುತ್ತೇನೆ. ಉಳಿದವಕ್ಕೆ ಮರಳಬಹುದು. ಆದರೆ ಬಾರ್ಬೆಲ್ ಮೊದಲು, ಚೀಲ ಅದರ ನಂತರ, ಕಲ್ಲು ಕೊನೆಗೆ.

ಏಷ್ಯನ್ ಗೇಮ್ಸ್ ಬಿಟ್ಟ ಮೀರಾಬಾಯಿ

ಈ ದಾರಿಯನ್ನು ಎಲ್ಲರ ಕಣ್ಣೆದುರಿಗೇ ನಡೆದು ತೋರಿಸಿದವರು ಮಣಿಪುರದ ವೇಟ್‌ಲಿಫ್ಟರ್ ಮೀರಾಬಾಯಿ ಚಾನು. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 196 ಕಿಲೊ ಎತ್ತಿ ಚಿನ್ನ ಗೆದ್ದಿದ್ದರು. ಆ ಚಿನ್ನದ ಬೆನ್ನಲ್ಲೇ ಮೀರಾಬಾಯಿಗೆ ಕೆಳಬೆನ್ನಿನ ನೋವು ಕಾಡಿತು. ಆಗಸ್ಟ್‌ನಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಇತ್ತು. ವಿಶ್ವ ಚಾಂಪಿಯನ್ ಆಗಿದ್ದ ಅವರಿಂದ ದೇಶ ಪದಕ ಎದುರು ನೋಡುತ್ತಿತ್ತು. ಅವರು ಆ ಕೂಟದಿಂದ ಹಿಂದೆ ಸರಿದರು.

2019ರ ಫೆಬ್ರವರಿಯಲ್ಲಿ ಥಾಯ್ಲೆಂಡ್‌ನ ಸ್ಪರ್ಧೆಯೊಂದಕ್ಕೆ ಮರಳಿದಾಗ ಅವರು ಎತ್ತಿದ್ದು 192 ಕಿಲೊ. ಪೆಟ್ಟಿಗೆ ಮುಂಚಿನದಕ್ಕಿಂತ 4 ಕಿಲೊ ಕಡಿಮೆ. ಮರಳಿದ ದಿನವೇ ದಾಖಲೆಯೇನೂ ಮುರಿಯಲಿಲ್ಲ. ಅದೇ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 201ಕ್ಕೆ ಏರಿದರು. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋಗಿ, ಫಿಸಿಯೊಥೆರಪಿಸ್ಟ್ ಮತ್ತು ತರಬೇತುದಾರ ಆರನ್ ಹಾರ್ಶಿಗ್ ಬಳಿ ಭುಜ, ಬೆನ್ನುಗಳ ತೊಂದರೆಗೆ ಮೂಲವಾಗಿದ್ದ ಸ್ನಾಯುಗಳ ಅಸಮತೋಲನವನ್ನು ಸರಿಪಡಿಸಿಕೊಂಡರು. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 119 ಕಿಲೊ ಎತ್ತಿ ವಿಶ್ವದಾಖಲೆ ಬರೆದರು. ಜುಲೈ 24ರಂದು ಟೋಕಿಯೊದಲ್ಲಿ 202 ಕಿಲೊ ಎತ್ತಿ ಒಲಿಂಪಿಕ್ ಬೆಳ್ಳಿ ಗೆದ್ದರು.

ಏಷ್ಯನ್ ಗೇಮ್ಸ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ನಮ್ಮೂರ ಜಾತ್ರೆ ಪ್ರತಿ ವರ್ಷ ಬರುತ್ತದೆ. ಮೀರಾಬಾಯಿ ಏಷ್ಯನ್ ಗೇಮ್ಸನ್ನೇ ಬಿಡಬಲ್ಲರಾದರೆ ನಾವು ಒಂದು ಸಂಕ್ರಾಂತಿಯನ್ನು, ಒಂದು ಶ್ರಾವಣವನ್ನು ಬಿಡಬಹುದು. ಮರಳುವ ದಿನವನ್ನು ಪಂಚಾಂಗ ನೋಡಿ ಗೊತ್ತು ಮಾಡಬಾರದು, ಬೆನ್ನು ನೋಡಿ ಗೊತ್ತು ಮಾಡಬೇಕು.

ಮರಳುವ ಮೆಟ್ಟಿಲುಗಳು

ಹೊಸ ಹೋರಿಯನ್ನು ಮೊದಲ ದಿನವೇ ತುಂಬಿದ ಬಂಡಿಗೆ ಹೂಡುವ ರೈತ ನಮ್ಮ ಸೀಮೆಯಲ್ಲಿಲ್ಲ. ಖಾಲಿ ನೊಗ, ಖಾಲಿ ಬಂಡಿ, ಅರ್ಧ ಬಂಡಿ, ಆಮೇಲೆ ತುಂಬಿದ ಬಂಡಿ. ಪೆಟ್ಟಾದ ಬೆನ್ನಿಗೂ ಇದೇ ಕ್ರಮ. ಒಂದು ಮೆಟ್ಟಿಲು ನೋವು ಹೆಚ್ಚಿಸದೆ ಸಲೀಸಾದ ಮೇಲೆ ಮುಂದಿನದು.

ಮೊದಲ ಮೆಟ್ಟಿಲು ನೋವು ಆರಿಸುವುದು. ಯಾವುದು ನೋವು ಕೆರಳಿಸುತ್ತದೆ ಎಂದು ಗಮನಿಸಿ: ಬಾಗುವುದೋ, ಹಿಂದೆ ಬಗ್ಗುವುದೋ, ಬಹಳ ಹೊತ್ತು ಕೂರುವುದೋ. ಕೆಲವು ವಾರ ಅದನ್ನು ಕಡಿಮೆ ಮಾಡಿ. ಅರ್ಧ ಗಂಟೆ ನಡೆದರೂ, ಅರ್ಧ ಗಂಟೆ ಕೂತರೂ ನೋವು ಹೆಚ್ಚದಿದ್ದರೆ ಈ ಮೆಟ್ಟಿಲು ಮುಗಿಯಿತು.

ಎರಡನೆಯದು ನಡುವಿನ ಸುತ್ತಣ ಸ್ನಾಯುಗಳಿಗೆ ಹಿಡಿತ ಕಲಿಸುವುದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಬೆನ್ನುಮೂಳೆಯ ಮೇಲೆ ಸಂಶೋಧನೆ ನಡೆಸಿದ ಸ್ಟುವರ್ಟ್ ಮೆಗಿಲ್ ಸೂಚಿಸಿದ ಮೂರು ವ್ಯಾಯಾಮ ಇಂದು ಲೋಕದ ಎಲ್ಲ ಕಡೆ ಬಳಕೆಯಲ್ಲಿವೆ. ಒಂದು, ಅಂಗಾತ ಮಲಗಿ ಒಂದು ಮೊಣಕಾಲು ಮಡಚಿ, ಅಂಗೈಗಳನ್ನು ಟೊಂಕದ ಕೆಳಗಿಟ್ಟು, ತಲೆ ಮತ್ತು ಭುಜವನ್ನಷ್ಟೇ ತುಸು ಎತ್ತಿ ಹಿಡಿಯುವುದು. ಎರಡು, ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟವನ್ನು ನೆಲದಿಂದ ಎತ್ತಿ ಹಿಡಿಯುವುದು. ಮೂರು, ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನೀಡುವುದು, ಆಮೇಲೆ ಬದಲಿಸುವುದು. ಪ್ರತಿ ಸಲ ಹತ್ತು ಸೆಕೆಂಡು ಹಿಡಿದು ಬಿಡಬೇಕು. ಆರು ಸಲ, ಸ್ವಲ್ಪ ವಿಶ್ರಾಂತಿ, ನಾಲ್ಕು ಸಲ, ಮತ್ತೆ ವಿಶ್ರಾಂತಿ, ಎರಡು ಸಲ. ಸಾವಿರ ಬೈಠಕ್ ಹೊಡೆದವನಿಗೆ ಇದು ಮಕ್ಕಳಾಟದಂತೆ ಕಾಣಬಹುದು. ನಡು ಅಲುಗದಂತೆ ಮಾಡಿ ನೋಡಿದರೆ ಎಷ್ಟು ಕಷ್ಟವೆಂದು ತಿಳಿಯುತ್ತದೆ.

ಮೂರನೆಯದು ಬಾಗುವುದನ್ನು ಹೊಸದಾಗಿ ಕಲಿಯುವುದು. ಬೆನ್ನಿಗೆ ಉದ್ದವಾಗಿ ಒಂದು ಕೋಲು ಹಿಡಿಯಿರಿ. ಅದು ತಲೆಯ ಹಿಂಭಾಗ, ಭುಜದೆಲುಬುಗಳ ನಡು, ಟೊಂಕದ ಕೆಳಗಿನ ಮೂಳೆ ಈ ಮೂರು ಕಡೆ ತಾಗಿರಬೇಕು. ಮೂರೂ ಬಿಡದಂತೆ ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತ ಬಾಗಿ. ಬಾಗಬೇಕಾದದ್ದು ಸೊಂಟದ ಕೀಲು. ಇದು ಸಲೀಸಾದ ಮೇಲೆ ಐದು, ಹತ್ತು ಕಿಲೊ ಉಸುಕಿನ ಚೀಲವನ್ನು ನೆಲದಿಂದಲ್ಲ, ಮೊಣಕಾಲಿನೆತ್ತರದ ಕಟ್ಟೆಯಿಂದ ಎತ್ತಿ ಇಳಿಸಿ. ಒಂದೇ ಕೈಯಲ್ಲಿ ಕೊಡ ಹಿಡಿದು, ಮೈ ವಾಲದಂತೆ ಹತ್ತಿಪ್ಪತ್ತು ಹೆಜ್ಜೆ ನಡೆಯುವುದೂ ಪಕ್ಕದ ಸ್ನಾಯುಗಳಿಗೆ ಒಳ್ಳೆಯ ಸಾಧನೆ.

ನಾಲ್ಕನೆಯದು ನಿಜವಾದ ಭಾರ. ಪೆಟ್ಟಿಗೆ ಮುಂಚೆ ಎತ್ತುತ್ತಿದ್ದುದರ ಮೂರನೆಯ ಒಂದು ಭಾಗದಿಂದ ಶುರು ಮಾಡಿ. ಮೊದಲು ಮೊಣಕಾಲಿನೆತ್ತರದಿಂದ, ಆಮೇಲೆ ಮೊಣಕಾಲಿಗಿಂತ ಕೆಳಗಿನಿಂದ, ಕೊನೆಗೆ ನೆಲದಿಂದ. ಎತ್ತರ ಇಳಿಸಿದ ವಾರ ತೂಕ ಹೆಚ್ಚಿಸಬೇಡಿ, ತೂಕ ಹೆಚ್ಚಿಸಿದ ವಾರ ಎತ್ತರ ಇಳಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಇದ್ದರೆ ನೋವು ಬಂದಾಗ ಯಾವುದರಿಂದ ಬಂತೆಂದು ತಿಳಿಯುತ್ತದೆ. ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಇರಲಿ. ತೂಕದ ಏರಿಕೆ ವಾರಕ್ಕೆ ಶೇ 5ರಿಂದ 10ರೊಳಗಿರಲಿ. ಮೂರು ವಾರ ಏರಿಸಿದ ಮೇಲೆ ನಾಲ್ಕನೆಯ ವಾರ ತುಸು ಇಳಿಸಿ.

ಐದನೆಯದು ಕಲ್ಲು, ವೇಗ, ಸ್ಪರ್ಧೆ. ಬೆನ್ನು ದುಂಡಗಾಗುವುದೇ ಪಾಪವೆಂದು ಜೀವನಪೂರ್ತಿ ಸೆಟೆದುಕೊಂಡು ಇರಬೇಕಾಗಿಲ್ಲ. ಕೋಲಿನ ಶಿಸ್ತು ಪೆಟ್ಟು ಮಾಯುವವರೆಗಿನ ಕಾವಲು. ಆದರೆ ದುಂಡು ಬೆನ್ನಿನಲ್ಲಿ ಎತ್ತುವುದನ್ನು ಸಣ್ಣ ಕಲ್ಲಿನಿಂದಲೇ ಹೊಸದಾಗಿ ಕಟ್ಟಬೇಕು. ಬಾರ್ಬೆಲ್‌ನಲ್ಲಿ ಗಳಿಸಿದ ಬಲ ಕಲ್ಲಿಗೆ ನೇರವಾಗಿ ಬರುವುದಿಲ್ಲ. ಜರ್ಕ್, ಸ್ನ್ಯಾಚ್‌ನಂಥ ವೇಗದ ಎತ್ತುಗಳು ಇನ್ನೂ ಕೊನೆಗೆ.

ಯಾವ ಮೆಟ್ಟಿಲಿನಲ್ಲಾದರೂ ದಿಕ್ಕು ತೋರುವ ಎರಡು ಗುರುತುಗಳಿವೆ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಮೂರರವರೆಗಿನ ನೋವು ವ್ಯಾಯಾಮದ ವೇಳೆ ಬಂದು, ಮರುದಿನ ಬೆಳಗಿಗೆ ಮೊದಲಿನ ಸ್ಥಿತಿಗೆ ಇಳಿದಿದ್ದರೆ ಮುಂದುವರಿಯಬಹುದು. ಮರುದಿನ ಹೆಚ್ಚಿದ್ದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಎರಡನೆಯ ಗುರುತು ನೋವಿನ ಜಾಗ. ಕಾಲಿಗೆ ಇಳಿದಿದ್ದ ನೋವು ತೊಡೆಗೆ, ತೊಡೆಯಿಂದ ಟೊಂಕಕ್ಕೆ ಮೇಲೇರುತ್ತಿದ್ದರೆ ಗುಣದ ಲಕ್ಷಣ, ಟೊಂಕದಲ್ಲಿ ತುಸು ಹೆಚ್ಚಿದಂತೆ ಕಂಡರೂ ಸರಿ. ಟೊಂಕದ ನೋವು ಮೀನಖಂಡಕ್ಕೆ, ಪಾದಕ್ಕೆ ಇಳಿಯುತ್ತಿದ್ದರೆ ಅಂದಿಗೆ ನಿಲ್ಲಿಸಿ, ವೈದ್ಯರನ್ನು ಕಾಣಿ.

ಗರಡಿಯ ಹೊತ್ತು, ಇಂಜೆಕ್ಷನ್ನು, ಬೆಲ್ಟು

ಗರಡಿಮನೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಸಾಧನೆ ಶುರುವಾಗುತ್ತದೆ. ಗಟ್ಟಿ ಬೆನ್ನಿಗೆ ಅದು ಸೈ. ಪೆಟ್ಟಾದ ಬೆನ್ನಿಗೆ ಅದೇ ಕೆಟ್ಟ ಹೊತ್ತು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಗ್ಗೆ ನಾವು ಒಂದೆರಡು ಸೆಂ.ಮೀ. ಎತ್ತರ ಇರುವುದು ಅದರಿಂದಲೇ. ಆ ಉಬ್ಬಿನಲ್ಲಿ ಬಾಗಿದರೆ ಡಿಸ್ಕಿನ ಮೇಲೆ ಒತ್ತಡ ಹೆಚ್ಚು. ಬೆಳಗಿನ ಹೊತ್ತು ಬಾಗುವುದನ್ನು ತಪ್ಪಿಸಿದವರಲ್ಲಿ ಹಳೆಯ ಬೆನ್ನು ನೋವು ಕಡಿಮೆಯಾಯಿತೆಂದು 1998ರ ಒಂದು ಅಧ್ಯಯನ ತೋರಿಸಿತು. ಹಾಗಾಗಿ ಎದ್ದ ಮೇಲೆ ಒಂದು ಗಂಟೆಯಾದರೂ ನಡೆದಾಡಿ, ಆಮೇಲೆ ಗರಡಿಯ ಮಣ್ಣಿಗೆ ಇಳಿಯಿರಿ. ಸಂಜೆಗೆ ಬದಲಿಸಿಕೊಂಡರೆ ಇನ್ನೂ ಒಳಿತು. ದಂಡ ಹೊಡೆಯುವಾಗ ಬೆನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಪೂರ್ತಿ ಬಾಗುವುದರಿಂದ ಮೊದಲು ಗೋಡೆಗೆ ಕೈಯೂರಿ, ಆಮೇಲೆ ನೆಲದ ಮೇಲೆ ಅರ್ಧ ದಂಡ ಮಾಡಿ. ಬೈಠಕ್‌ನಲ್ಲೂ ಅಷ್ಟೇ, ಬೆನ್ನು ಸುರುಳಿಯಾಗುವ ಮುಂಚೆಯೇ ಮೇಲೇಳಿ.

ಸ್ಪರ್ಧೆಯ ಮುನ್ನಾದಿನ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಕಣಕ್ಕಿಳಿಯುವವರಿದ್ದಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಇಂಜೆಕ್ಷನ್ ಬೆನ್ನನ್ನು ಗಟ್ಟಿ ಮಾಡುವುದಿಲ್ಲ, ಎಚ್ಚರಿಕೆಯ ಗಂಟೆಯನ್ನಷ್ಟೇ ಸುಮ್ಮನಾಗಿಸುತ್ತದೆ. ವೈದ್ಯರು ಕೊಟ್ಟ ಗುಳಿಗೆ ಎದ್ದು ಓಡಾಡಲಿಕ್ಕೆ, ಭಾರ ಎತ್ತಲಿಕ್ಕಲ್ಲ.

ನಡುವಿಗೆ ಕಟ್ಟುವ ಬೆಲ್ಟೂ ಹಾಗೆಯೇ. ಹೊಟ್ಟೆಯ ಒಳಒತ್ತಡ ಹೆಚ್ಚಿಸಿ ಬೆನ್ನಿಗೆ ಆಸರೆ ಕೊಡುತ್ತದೆ ನಿಜ. ಆದರೆ ಅದಿಲ್ಲದೆ ಸಣ್ಣ ಭಾರವನ್ನೂ ಎತ್ತಲಾಗದವನು ಇನ್ನೂ ಆ ಮೆಟ್ಟಿಲಿಗೆ ಬಂದಿಲ್ಲವೆಂದೇ ಅರ್ಥ. ಮೊದಲು ಉಸಿರು ತುಂಬಿ, ಹೊಟ್ಟೆಯನ್ನು ಸುತ್ತಲೂ ಬಿಗಿ ಮಾಡುವುದನ್ನು ಕಲಿಯಿರಿ. ರಕ್ತದೊತ್ತಡ ಇರುವವರು ಉಸಿರು ಕಟ್ಟುವ ಮುಂಚೆ ವೈದ್ಯರನ್ನು ಕೇಳಿ. ಬೀಡಿ ಸಿಗರೇಟು ಸೇದುವವರ ಡಿಸ್ಕ್‌ಗಳಿಗೆ ಪೋಷಣೆ ಕಡಿಮೆ ತಲುಪುತ್ತದೆ. ಗುಣವಾಗುವ ತಿಂಗಳುಗಳಲ್ಲಾದರೂ ಅದನ್ನು ಬಿಡಿ, ನಿದ್ದೆ ಪೂರ್ತಿ ಮಾಡಿ.

ರಜೆ ಇಲ್ಲದವರ ಬೆನ್ನು

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ಒಬ್ಬ ಹಮಾಲ, “ಸಾಹೇಬ್ರ, ನಾ ಮೂರು ತಿಂಗಳ ಮನ್ಯಾಗ ಕುಂತ್ರ ಮಕ್ಕಳಿಗೆ ಹಾಕೋರ್‍ಯಾರು?” ಎಂದು ಕೇಳಿದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನಮ್ಮೆಲ್ಲರ ಹೊಣೆ. ಕೃಷ್ಣೆಯ ನೀರು ಕಾಲುವೆಗೆ ಹರಿದ ಮೇಲೆ ಈ ಸೀಮೆಯಲ್ಲಿ ಕಬ್ಬು ಬಂತು, ಬೆಳೆ ಹೆಚ್ಚಿತು, ಜೊತೆಗೆ ಹೊರುವ ಭಾರವೂ ಹೆಚ್ಚಿತು. ತೊಗರಿ, ಉಳ್ಳಾಗಡ್ಡಿ, ಸಿಮೆಂಟ್, ಗೊಬ್ಬರ ಎಲ್ಲವೂ ಯಾರದೋ ಬೆನ್ನ ಮೇಲೆ ಲಾರಿ ಏರಿ ಇಳಿಯುತ್ತವೆ. ಸಿಮೆಂಟ್ ಚೀಲ 50 ಕಿಲೊ, ಯೂರಿಯಾ ಚೀಲ 2018ರಿಂದ 45 ಕಿಲೊ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ, ಎಲ್ಲ ಅನುಕೂಲ ಇದ್ದಾಗಲೂ ಕೈಯಿಂದ ಎತ್ತಲು ಸೂಕ್ತವಾದ ಗರಿಷ್ಠ ಭಾರ 23 ಕಿಲೊ. ಗಾಯವಾಗುವಷ್ಟು ಭಾರವನ್ನು ಕಾರ್ಮಿಕರಿಂದ ಎತ್ತಿಸಬಾರದೆಂದು ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮೂ ಹೇಳಿತ್ತು. ಅಂಗಡಿ, ಗೋದಾಮು, ಹೊಲದ ಬದುವಿನಲ್ಲಿ ಆ ಮಾತು ಯಾರಿಗೂ ಕೇಳಿಸುವುದಿಲ್ಲ.

ಆದರೂ ಹಮಾಲಿ ಕೆಲಸದೊಳಗೇ ಮೆಟ್ಟಿಲುಗಳಿವೆ. ಲಾರಿಯ ಅಂಚಿನಿಂದ ಚೀಲವನ್ನು ನೇರ ಹೆಗಲಿಗೆ ತೆಗೆದುಕೊಳ್ಳುವವನು ನೆಲಕ್ಕೆ ಬಾಗಬೇಕಿಲ್ಲ. ಇಬ್ಬರು ಎತ್ತಿ ಕೊಟ್ಟ ಚೀಲ ಹೊತ್ತು ನಡೆಯುವುದು, ಒಬ್ಬನೇ ನೆಲದಿಂದ ಎತ್ತುವುದಕ್ಕಿಂತ ಬೆನ್ನಿಗೆ ಹಗುರ. ಚೀಲ ಹೊಲಿಯುವುದು, ತೂಗುವುದು ಇನ್ನೂ ಹಗುರ. ಟೊಂಕ ಹಿಡಿದು ಮರಳಿದವನಿಗೆ ಮೊದಲ ವಾರಗಳಲ್ಲಿ ತೂಗುವ, ಹೊಲಿಯುವ ಕೆಲಸ, ಆಮೇಲೆ ಎತ್ತಿ ಕೊಟ್ಟದ್ದನ್ನು ಹೊರುವುದು, ಕೊನೆಗೆ ನೆಲದಿಂದ ಎತ್ತುವುದು. ಈ ಕ್ರಮವನ್ನು ಗುಂಪಿನ ಮುಖಂಡ ಮನಸ್ಸು ಮಾಡಿದರೆ ನಾಳೆಯೇ ತರಬಹುದು. ಕೂಲಿ ಕಡಿಯದೆ ತಂದರೆ ಅದು ನಿಜವಾದ ಉಪಕಾರ. ಹೊಲದಲ್ಲಿ ಹೊರೆ ಹೊರುವ, ದೂರದಿಂದ ನೀರು ತರುವ ಹೆಣ್ಣುಮಕ್ಕಳ ಟೊಂಕಕ್ಕೂ ಇದೇ ನ್ಯಾಯ ಸಲ್ಲಬೇಕು. ಅವರ ನೋವನ್ನು ಮನೆಗೆಲಸದ ಆಯಾಸವೆಂದು ತಳ್ಳಿಹಾಕುವ ರೂಢಿ ಹೋಗಬೇಕು.

ವಸ್ತಾದರಿಗೆ, ಜಾತ್ರೆಯ ಹಿರಿಯರಿಗೆ

ಹುಡುಗನೊಬ್ಬ ಪೆಟ್ಟಾದ ಮೇಲೆ ಎಷ್ಟು ಬೇಗ ಭಾರಕ್ಕೆ ಮರಳುತ್ತಾನೆ ಎಂಬುದನ್ನು ಅವನ ಬೆನ್ನಿಗಿಂತ ಹೆಚ್ಚಾಗಿ ಅವನ ಸುತ್ತಲಿನವರ ಮಾತು ನಿರ್ಧರಿಸುತ್ತದೆ. ಆದ್ದರಿಂದ ಗರಡಿ ಕಲಿಸುವ ವಸ್ತಾದರಲ್ಲಿ ಒಂದು ಕೋರಿಕೆ. ಟೊಂಕ ಹಿಡಿದ ಶಿಷ್ಯನಿಗೆ ಅವನ ಮೆಟ್ಟಿಲು ಯಾವುದೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ತೂಕ, ಯಾವ ಎತ್ತರ, ಮರುದಿನ ನೋವು ಎಷ್ಟು. ಎಂಟು ವಾರದ ಆ ಹಾಳೆಗಳು ಯಾವ ಊಹೆಗಿಂತಲೂ ಸರಿಯಾಗಿ ಅವನು ಸಿದ್ಧನೋ ಇಲ್ಲವೋ ಹೇಳುತ್ತವೆ. ಜಾತ್ರಾ ಸಮಿತಿಯ ಹಿರಿಯರು ಸ್ಪರ್ಧೆಗೆ ಹೆಸರು ಬರೆಸಿಕೊಳ್ಳುವಾಗ ಇತ್ತೀಚೆಗೆ ಟೊಂಕಕ್ಕೆ ಪೆಟ್ಟಾಗಿದೆಯೇ ಎಂದು ಒಂದು ಮಾತು ಕೇಳಲಿ. ಕಣದ ಪಕ್ಕ ಒಬ್ಬ ಫಿಸಿಯೊಥೆರಪಿಸ್ಟ್ ಇರುವಂತೆ ನೋಡಿಕೊಳ್ಳಲಿ. ಅರ್ಧಕ್ಕೆ ಕಲ್ಲು ಬಿಟ್ಟವನಿಗೂ ಮೈಕಿನಲ್ಲಿ ಒಂದು ಒಳ್ಳೆಯ ಮಾತು ಬರಲಿ. ಜನ ನಗುತ್ತಾರೆಂಬ ಅಂಜಿಕೆಗೇ ಎಷ್ಟೋ ಹುಡುಗರು ಬಿಡಬೇಕಾದ ಕಲ್ಲನ್ನು ಬಿಡದೆ ಟೊಂಕ ಕಳೆದುಕೊಳ್ಳುತ್ತಾರೆ.

ಭಾರ ಎತ್ತುವುದು ನಮ್ಮ ಸೀಮೆಯ ಹೆಮ್ಮೆ. ಅದು ಉಳಿಯಬೇಕು, ಎತ್ತುವವರ ಬೆನ್ನಿನೊಂದಿಗೇ ಉಳಿಯಬೇಕು. ಈ ವರ್ಷ ಟೊಂಕ ಹಿಡಿಸಿಕೊಂಡವರು ಈ ವರ್ಷದ ಕಣವನ್ನು ಬಿಡಿ. ಇವತ್ತೇ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ಒಂದೊಂದೇ ಮೆಟ್ಟಿಲು ಹತ್ತಿ. ಮುಂದಿನ ಜಾತ್ರೆಗೆ ಮೊದಲಿಗಿಂತ ನಾಲ್ಕು ಕಿಲೊ ಕಡಿಮೆ ಎತ್ತಿದರೂ ನಿಮ್ಮ ಕಾಲಮೇಲೆ ನೀವು ನೆಟ್ಟಗೆ ನಡೆದು ಮನೆಗೆ ಹೋದರೆ ಅದೇ ಗೆಲುವು. ಅದರಾಚೆಗಿನ ಜಾತ್ರೆಗಳಲ್ಲಿ ಆ ನಾಲ್ಕು ಕಿಲೊ ಮರಳಿ ಬರಲು ಬೇಕಾದಷ್ಟು ಕಾಲವಿದೆ.